ಹಬ್ಬದ ಸಂಚಿಕೆಯಲ್ಲಿ ಯಾರೂ ಸಾಯುವುದಿಲ್ಲ

ಕಳೆದ ಭಾನುವಾರ ಟೊರೊಂಟೊದ ನಮ್ಮ ಕನ್ನಡ ಸಂಘದ ಪತ್ರಿಕೆಯ ಸಂಪಾದಕರು ಫೋನ್ ಮಾಡಿದ್ದರು. ಯುಗಾದಿ ಸಂಚಿಕೆ ಸಿದ್ಧವಾಗುತ್ತಿದೆ, ಆಂಟಿಯ ಬಗ್ಗೆ ಒಂದು ಪುಟ ಬರೆದುಕೊಡು ಪುಟ್ಟಿ, ನಿನ್ನಷ್ಟು ಹತ್ತಿರ ಅವರಿಗೆ ಬೇರೆ ಯಾರಿದ್ದರು ಎಂದರು. ಆಗಲಿ ಎಂದೆ. ಫೋನ್ ಇಡುವ ಮೊದಲು ಗಂಟಲು ಸರಿಮಾಡಿಕೊಂಡು ಇನ್ನೊಂದು ಮಾತು ಸೇರಿಸಿದರು.

"ಸಾವು, ಆಸ್ಪತ್ರೆ ಅದೆಲ್ಲ ಬೇಡಮ್ಮ. ಹಬ್ಬದ ಸಂಚಿಕೆ ನೋಡು. ನಗುನಗುತಾ ಇದ್ದರಲ್ಲ, ಹಾಗೆ ಬರಿ."

ಸತ್ತವರ ಬಗ್ಗೆ ಬರೆಯಬೇಕು, ಸತ್ತರು ಎಂದು ಮಾತ್ರ ಬರೆಯಬಾರದು. ಅವರು ನಗುನಗುತ್ತಾ ಇದ್ದದ್ದನ್ನು ನಾನು ಎಂಟು ವರ್ಷದಲ್ಲಿ ನೋಡಿದ್ದು ಬಹಳ ಕಡಿಮೆ. ಆದ್ದರಿಂದ ಈ ಬರಹ ಆ ಸಂಚಿಕೆಗಲ್ಲ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಸಂಘದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. 'ಡಾಕ್ಟರ ಮಿಸೆಸ್ಸು', 'ಅಮೆರಿಕನ್ ಆಂಟಿ', ಇಷ್ಟೇ. ಮೂರು ಪುಸ್ತಕಗಳ ಬೆನ್ನ ಮೇಲೆ ಅವರ ಹೆಸರು ಅಚ್ಚಾಗಿದೆ. ಇಷ್ಟು ವರ್ಷ ಬೇಕಿಲ್ಲದವರಿಗೆ ಈಗ ನಾನು ಯಾಕೆ ಹೇಳಲಿ?

ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಂದು ಗೋಧಿ ಊರಿನಲ್ಲಿ. ತಂದೆ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದರು, ತಾಯಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಓದಲು ಶಿಕಾಗೋಗೆ ಹೋದಾಗ ಮೈಸೂರಿನ ಒಬ್ಬ ಡಾಕ್ಟರನ್ನು ಮದುವೆಯಾದರು. ಮೈಸೂರಿನಲ್ಲಿ ಅತ್ತೆಯ ಮನೆಯಲ್ಲಿ ಎರಡು ವರ್ಷ, ಆಮೇಲೆ ಟೊರೊಂಟೊ. ಎರಡು ಕಥಾಸಂಕಲನ, ಒಂದು ಕಾದಂಬರಿ. ಮೂರನ್ನೂ ಅಮೆರಿಕದ ಸಣ್ಣ ಪ್ರಕಾಶಕರು ತಂದರು, ಮೂರೂ ಈಗ ಎಲ್ಲೂ ಸಿಗುವುದಿಲ್ಲ. ನಾನು ಕಂಡಾಗ ಡಾಕ್ಟರು ತೀರಿಹೋಗಿದ್ದರು. ಪೋರ್ಟ್ ಕ್ರೆಡಿಟ್‌ನ ಹಳೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಅವರೊಬ್ಬರೇ ಇದ್ದರು. ಅಡುಗೆಮನೆಯ ಕಿಟಕಿಯಿಂದ ಕತ್ತು ಚಾಚಿದರೆ ಎರಡು ಕಟ್ಟಡಗಳ ನಡುವೆ ಸರೋವರದ ಒಂದು ಚೂರು ಕಾಣುತ್ತಿತ್ತು.

ಮೊದಲ ಸಲ ನೋಡಿದ್ದು ೧೯೯೭ರ ದೀಪಾವಳಿ ಕಾರ್ಯಕ್ರಮದಲ್ಲಿ, ಟೊರೊಂಟೊ ಪಕ್ಕದ ಮಿಸಿಸಾಗಾದ ಒಂದು ಹೈಸ್ಕೂಲಿನ ಕೆಫೆಟೇರಿಯಾದಲ್ಲಿ. ನಾವು ಮೈಸೂರಿನಿಂದ ಬಂದು ಎರಡು ವರ್ಷವಾಗಿತ್ತು, ನನಗೆ ಹದಿನೇಳು. ಬಡಿಸುವ ಸಾಲಿನಲ್ಲಿ ನನ್ನನ್ನು ಅವರ ಪಕ್ಕಕ್ಕೆ ಹಾಕಿದ್ದರು. ಎತ್ತರದ ಆಳು, ಬೆಳ್ಳಿಗೂದಲು, ಹಸಿರು ರೇಷ್ಮೆ ಸೀರೆ, ಅದರ ಕೆಳಗೆ ಹಿಮದ ಬೂಟು. ಕೋಸಂಬರಿ ನನ್ನದು, ಬಿಸಿಬೇಳೆ ಭಾತ್ ಅವರದು. ಮಾಡಿದ್ದೂ ಅವರೇ. ತಟ್ಟೆ ಹಿಡಿದು ಬಂದವರೆಲ್ಲ ಅದೇ ಮಾತು: ಆಂಟಿ, ನಮ್ಮವರಿಗೂ ಹೀಗೆ ಬರಲ್ಲ, ಆಂಟಿ, ಸೀರೆ ಎಷ್ಟು ಚೆನ್ನಾಗಿ ಉಟ್ಟಿದೀರಿ. ಅವರು ಎಲ್ಲರಿಗೂ ಥ್ಯಾಂಕ್ಯೂ ಹೇಳುತ್ತಿದ್ದರು. ಸಾಲು ಸ್ವಲ್ಪ ತೆಳುವಾದಾಗ, ನನ್ನ ಕಡೆ ತಿರುಗದೆ, ಕನ್ನಡದಲ್ಲಿ ಹೇಳಿದರು.

"ಇಪ್ಪತ್ತಾರು ವರ್ಷದಿಂದ ಇದೇ ಹಾಡು ಕಣೇ."

ಸೌಟು ನನ್ನ ಕೈಯಿಂದ ಜಾರಿತು. ಅವರ ಕನ್ನಡ ಅತ್ತೆಯ ಅಡುಗೆಮನೆಯಲ್ಲಿ ಕಲಿತದ್ದು. 'ಸುಮ್ನಿರೇ', 'ಅಯ್ಯೋ ನಿನ್ನ' ಎಲ್ಲ ಇತ್ತು. ರಕಾರ ಮಾತ್ರ ನೆಬ್ರಾಸ್ಕಾದ್ದು. ಓದಲು, ಬರೆಯಲು ಬರುತ್ತಿರಲಿಲ್ಲ. ಕಲಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ನನಗೆ ಸಣ್ಣಂದಿನಿಂದ ಡೈರಿ ಬರೆಯುವ ಅಭ್ಯಾಸ. ದಿನಾಂಕ, ಹವಾಮಾನ, ತಪ್ಪಿದ ಬಸ್ಸು ಎಲ್ಲವನ್ನೂ ಗೀಟು ಹಾಕಿ ಎಣಿಸುವುದು ಒಂದು ಚಾಳಿ. ಅವರು ಕತೆ ಬರೆಯುವವರು ಎಂದು ಗೊತ್ತಾದ ಮೇಲೆ, ಕಾರ್ಯಕ್ರಮಗಳಲ್ಲಿ ಜನ ಅವರ ಹತ್ತಿರ ಏನು ಮಾತಾಡುತ್ತಾರೆಂದು ಮೂರು ಅಂಕಣ ಮಾಡಿ ಗುರುತು ಹಾಕತೊಡಗಿದೆ: ಅಡುಗೆ, ಸೀರೆ, ಪುಸ್ತಕ. ಒಮ್ಮೆ ಅದು ಅವರ ಕಣ್ಣಿಗೆ ಬಿತ್ತು. ಬೈಯುತ್ತಾರೆಂದು ಹೆದರಿದ್ದೆ, ಬಹಳ ಖುಷಿಪಟ್ಟರು. ಆಮೇಲೆ ಪ್ರತಿ ಸಲ ಪಾತ್ರೆ ಕಾರಿಗೆ ತುಂಬುವಾಗ ಸ್ಕೋರು ಕೇಳುತ್ತಿದ್ದರು. ಅಡುಗೆ ಹದಿನಾಲ್ಕು, ಸೀರೆ ಒಂಬತ್ತು, ಪುಸ್ತಕ ಸೊನ್ನೆ ಎನ್ನುತ್ತಿದ್ದೆ. ಪರವಾಗಿಲ್ಲ, ಸೊನ್ನೆ ಸ್ಥಿರವಾಗಿದೆ ಎನ್ನುತ್ತಿದ್ದರು.

ಎಂಟು ವರ್ಷದಲ್ಲಿ ಪುಸ್ತಕದ ಅಂಕಣದಲ್ಲಿ ಬಿದ್ದದ್ದು ಒಂದೇ ಗೀಟು. ಏಳೆಂಟು ವರ್ಷದ ಒಂದು ಹುಡುಗಿ ಬಂದು, ನೀವು ಪುಸ್ತಕ ಬರೆದಿದ್ದೀರಂತೆ, ಅದರಲ್ಲಿ ಚಿತ್ರಗಳಿವೆಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ಬರೀ ಸತ್ತವರಿದ್ದಾರೆ ಎಂದರು. ಹುಡುಗಿಗೆ ಅದು ಇಷ್ಟವಾಯಿತು, ಅವಳ ತಾಯಿಗೆ ಆಗಲಿಲ್ಲ.

ಆ ಪುಸ್ತಕಗಳನ್ನು ನಾನು ಆಗಲೇ ಓದಿ ಮುಗಿಸಿದ್ದೆ. ಅವರ ಕತೆಗಳಲ್ಲಿ ಹೆಂಗಸರು ಕೆಲಸ ಮಾಡುತ್ತಾರೆ. ಧಾನ್ಯದ ಗೋದಾಮಿನಲ್ಲಿ ತೂಕ ಬರೆಯುತ್ತಾರೆ, ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುತ್ತಾರೆ. ಒಂದು ಕತೆಯಲ್ಲಿ ಎಕ್ಸ್‌ಚೇಂಜಿನ ಆಪರೇಟರೊಬ್ಬಳು ತನ್ನ ಗಂಡ ಸತ್ತ ಸುದ್ದಿಯನ್ನು ಲೈನಿನ ಮೇಲೆ ತಾನೇ ಮೊದಲು ಕೇಳಿಸಿಕೊಳ್ಳುತ್ತಾಳೆ. ಕೇಳಿಸಿಕೊಂಡು, ಆ ಕರೆಯನ್ನು ಊರಿನ ಪೊಲೀಸ್ ಅಧಿಕಾರಿ ಷೆರಿಫನಿಗೆ ಜೋಡಿಸಿ, ಬೋರ್ಡಿನಲ್ಲಿ ಮುಂದಿನ ಕರೆಯ ದೀಪ ಹತ್ತಿದ ಕಡೆಗೆ ಕೈ ಚಾಚುತ್ತಾಳೆ. ಅತ್ತಳು ಎಂದು ಎಲ್ಲೂ ಇಲ್ಲ. ನಾನು 'ಗೋ' ಎಂಬ ಇಲ್ಲಿಯ ಲೋಕಲ್ ಟ್ರೈನಿನಲ್ಲಿ ಓದುತ್ತಾ ಇಳಿಯುವ ಸ್ಟೇಷನ್ ದಾಟಿ ಹೋಗಿದ್ದೆ.

ಇಂಥವರನ್ನು ಅವರ ದೇಶವೂ ಮರೆತದ್ದು ಹೇಗೆ ಎಂದು ಕೇಳಿದ್ದೆ. ಮೂರನೇ ಪುಸ್ತಕದ ನಂತರ ನ್ಯೂಯಾರ್ಕಿನ ಒಬ್ಬ ದೊಡ್ಡ ಸಂಪಾದಕ ಊಟಕ್ಕೆ ಕರೆದಿದ್ದನಂತೆ. ಗೋಧಿ ಊರಿನ ಹೆಂಗಸರು ಸಾಕು. ಇಂಡಿಯಾದ ಅತ್ತೆ ಮನೆ, ಸೀರೆ, ಮಸಾಲೆ, ಅದನ್ನು ಬರೆದುಕೊಡಿ, ನಾವು ಮಾರುತ್ತೇವೆ ಎಂದನಂತೆ. ಇವರು ಕನ್ನಡಕ ತೆಗೆದು ಒರೆಸಿದರಂತೆ.

ಈ ಕನ್ನಡಕದ ವಿಷಯ ಹೇಳಲೇಬೇಕು. ಅವರು ಕೂಗಾಡಿದ್ದನ್ನು ನಾನು ನೋಡಿಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ನಿಧಾನವಾಗಿ ಒರೆಸುವರು. ಒರೆಸಿ ಮುಗಿಯುವವರೆಗೆ ಎದುರಿನವರು ಕಾಯಬೇಕು. ಆಮೇಲೆ ಒಂದೇ ಒಂದು ವಾಕ್ಯ ಬರುತ್ತಿತ್ತು. ನ್ಯೂಯಾರ್ಕಿನವನಿಗೆ ಏನು ಹೇಳಿದಿರಿ ಎಂದರೆ, "ನನ್ನ ಊಟದ ದುಡ್ಡು ನಾನೇ ಕೊಡ್ತೀನಿ ಅಂದೆ," ಎಂದರು. ಅಲ್ಲಿಗೆ ಪ್ರಕಟಣೆ ನಿಂತಿತು. ಬರೆಯುವುದು ನಿಲ್ಲಲಿಲ್ಲ.

ಒಮ್ಮೆ ಸಂಘದ ಹೆಂಗಸೊಬ್ಬರು ಬಹಳ ಪ್ರೀತಿಯಿಂದ, ಅಡುಗೆ ಮಾಡೋದೂ ಕತೆ ಬರೆಯೋದೂ ಒಂದೇ ಅಲ್ಲವಾ ಆಂಟಿ ಎಂದಿದ್ದರು. ಆಗಲೂ ಕನ್ನಡಕ ಕೆಳಗಿಳಿಯಿತು. "ಅಡುಗೆ ಅಡುಗೆ, ಬರಹ ಬರಹ. ಒಂದನ್ನ ನೀವು ಓದಿಲ್ಲ."

ಶನಿವಾರಗಳಂದು ನಾನು ಪೋರ್ಟ್ ಕ್ರೆಡಿಟ್‌ಗೆ ಹೋಗುತ್ತಿದ್ದೆ. ಅವರ ಫ್ರಿಜ್ಜಿನ ಬಾಗಿಲಲ್ಲಿ ಯಾವಾಗಲೂ ಒಂದು ಚೀಟಿ ಅಂಟಿರುತ್ತಿತ್ತು, ಅದರಲ್ಲಿ ಒಂದೆರಡು ವಾಕ್ಯ. ಅದು ಇನ್ನೂ ಬರೆಯದ ಕತೆಯ ಕೊನೆ. ಕೊನೆಯನ್ನು ಮೊದಲು ಬರೆಯುವುದು ಅವರ ಕ್ರಮ. ಹಾಲು ತೆಗೆಯುವಾಗ, ಮೊಸರು ಇಡುವಾಗ ಅದನ್ನು ಓದಬೇಕು; ಒಂದು ತಿಂಗಳಾದರೂ ಅದು ನಾಚಿಕೆ ತರದಿದ್ದರೆ ಆಗ ಕತೆ ಶುರು. ಉಳಿದದ್ದನ್ನು ಎಷ್ಟು ಸಲ ಬೇಕಾದರೂ ಹರಿದುಹಾಕುವರು, ಕೊನೆಯನ್ನು ಮುಟ್ಟುತ್ತಿರಲಿಲ್ಲ. ನನಗೂ ಅದನ್ನೇ ಬೇರೆ ರೀತಿ ಹೇಳುತ್ತಿದ್ದರು: ಸಿಟ್ಟು ಬಂದ ದಿನ ಬರಿ, ಇಳಿದ ಮೇಲೆ ತಿದ್ದು, ಆದರೆ ಸಿಟ್ಟನ್ನೇ ತಿದ್ದಬೇಡ.

೨೦೦೨ರ ಚಳಿಗಾಲದಲ್ಲಿ ಒಂದು ಕತೆ ಕೈಗೆ ಕೊಟ್ಟು ಕನ್ನಡಕ್ಕೆ ಮಾಡು ಎಂದರು. ಸಂಘದ ಯುಗಾದಿ ಸಂಚಿಕೆಗೆ ಕೊಡೋಣ ಎಂದರು. ಕನ್ನಡಕ್ಕೆ ಯಾಕೆ ಎಂದು ಕೇಳಿದೆ. "ಇದನ್ನ ಓದಬೇಕಾದವರು ಇಂಗ್ಲಿಷಲ್ಲಿ ಓದಲ್ಲ," ಎಂದರು. ಆಗ ನನಗೆ ಅರ್ಥವಾಗಲಿಲ್ಲ.

ಕತೆ ಸಣ್ಣದು. ಕೆನಡಾದಲ್ಲಿರುವ ಮಗಳಿಗೆ ತಾಯಿ ಸಾಯುತ್ತಿದ್ದಾಳೆಂದು ಫೋನು ಬರುತ್ತದೆ. ಮಗಳು ಹೊರಡುವುದು ತಡವಾಗುತ್ತದೆ. ಅಕ್ಟೋಬರಿನ ಒಂದು ಸಂಜೆ ಊರು ಮುಟ್ಟಿದಾಗ ತಾಯಿ ಆಗಲೇ ಸತ್ತಿರುತ್ತಾಳೆ, ಕತೆ ಅದನ್ನು ಹೇಳುವುದು ಕೊನೆಯ ಸಾಲುಗಳಲ್ಲಿ ಮಾತ್ರ. ದೇಹ ಆಸ್ಪತ್ರೆಯಲ್ಲಿ, ಮಗಳು ಮನೆಯ ಬೀಗ ತೆಗೆಯುತ್ತಾಳೆ. ಫ್ರಿಜ್ಜಿನಲ್ಲಿ ತಾಯಿ ತಿಂದು ಉಳಿಸಿದ ಡಬ್ಬಿಯ ಪೀಚ್ ಹಣ್ಣು, ಬಟ್ಟಲಲ್ಲಿ, ಮೇಲೊಂದು ತಟ್ಟೆ ಮುಚ್ಚಿ. ಮಗಳು ಅದನ್ನು ತಿನ್ನುತ್ತಾಳೆ. ಅಷ್ಟೇ.

ನಾಲ್ಕು ತಿಂಗಳು ಕೂತು ಮಾಡಿದೆವು. ನಾನು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ನಮ್ಮ ಅಮ್ಮ ಕರಡು ನೋಡಿ, ಹೆತ್ತ ತಾಯಿಗೆ ಯಾರಾದರೂ 'ಸತ್ತಳು' ಅಂತಾರೇನೇ, ತೀರಿಕೊಂಡರು ಅನ್ನು ಎಂದರು. ಅದನ್ನು ಅವರಿಗೆ ತಿಳಿಸಿದೆ. "ನಿಮ್ಮಮ್ಮ ಒಳ್ಳೆಯವಳು. ಸತ್ತಳು ಅಂತಲೇ ಇರಲಿ," ಎಂದರು.

ಸಂಚಿಕೆ ಬಂದದ್ದು ೨೦೦೩ರ ಏಪ್ರಿಲ್‌ನಲ್ಲಿ. ಯುಗಾದಿ ಕಾರ್ಯಕ್ರಮದ ಹಾಲ್‌ನಲ್ಲಿ ಪ್ರತಿ ತೆಗೆದುಕೊಂಡು, ಅಚ್ಚಾದ ಹೆಸರುಗಳನ್ನಷ್ಟೇ ನೋಡಿ ಸಂತೋಷಪಟ್ಟು, ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಒಯ್ದೆ. ಓದು ಎಂದರು. ಓದಿದೆ. ಮಗಳು ಫ್ರಿಜ್ಜು ತೆಗೆಯುವವರೆಗೆ ಎಲ್ಲ ನಾವು ಬರೆದ ಹಾಗೇ ಇತ್ತು. ಅಲ್ಲಿ ನನ್ನ ನಾಲಿಗೆ ನಿಂತಿತು.

"ಯಾಕೇ ನಿಲ್ಲಿಸಿದೆ? ಓದು."

ಓದದೆ ಬೇರೆ ದಾರಿ ಇರಲಿಲ್ಲ. ಅಚ್ಚಾಗಿದ್ದದ್ದು ಹೀಗೆ: "ಅಷ್ಟರಲ್ಲಿ ಆಸ್ಪತ್ರೆಯಿಂದ ಶುಭವಾರ್ತೆ ಬಂದಿತು. ತಾಯಿ ಕಣ್ಣು ತೆರೆದಿದ್ದರು. ನಾನು ಹಣ್ಣಿನ ಬಟ್ಟಲನ್ನು ಹಿಡಿದು ಓಡಿದೆನು. ತಾಯಿ ಮಗಳು ಕೂಡಿ ಸವಿದೆವು. ಕಿಟಕಿಯಾಚೆ ಹೊಸ ವರ್ಷದ ಸೂರ್ಯ ಉದಯಿಸುತ್ತಿದ್ದನು."

ಇನ್ನೊಂದು ಸಲ ಓದಿಸಿದರು. ಕನ್ನಡಕ ತೆಗೆದರು. ಒರೆಸಲಿಲ್ಲ, ಮೇಜಿನ ಮೇಲಿಟ್ಟರು. ಆ ದಿನ ಅವರು ಹೇಳಿದ್ದನ್ನು ಮನೆಗೆ ಬಂದು ಹಾಗೇ ಬರೆದಿಟ್ಟಿದ್ದೇನೆ.

ಕತೆಯಲ್ಲಿ ಮಗಳು ತಡವಾದದ್ದು ಯಾಕೆ ಎಂದು ಇಲ್ಲ. ನಿಜದಲ್ಲಿ ಕಾರಣ ಇತ್ತು. ೧೯೭೧ರಲ್ಲಿ ಗಂಡನ ಅಕ್ಕನ ಮಗನಿಗೆ ಟೊರೊಂಟೊದ ಇವರ ಮನೆಯಲ್ಲೇ ಮುಂಜಿ. ಶನಿವಾರ ಮುಹೂರ್ತ, ಅರವತ್ತು ಜನ. ಗುರುವಾರ ನೆಬ್ರಾಸ್ಕಾದಿಂದ ಫೋನು. ಮುಗಿಸಿಕೊಂಡು ಹೋಗು, ಅಡುಗೆ ಯಾರು ಮಾಡುತ್ತಾರೆ, ನಿಮ್ಮಮ್ಮ ಇನ್ನೊಂದು ವಾರ ಇರುತ್ತಾರೆ ಎಂದರು ಗಂಡ. ಅವರು ಡಾಕ್ಟರು, ನಾನು ನಂಬಿದೆ ಎಂದರು ಇವರು. ಅರವತ್ತು ಜನಕ್ಕೆ ಬಿಸಿಬೇಳೆ ಭಾತ್ ಮಾಡಿದರು. ಭಾನುವಾರ ಸಂಜೆ ಊರು ಮುಟ್ಟಿದರು. ತಾಯಿ ಅದೇ ಬೆಳಿಗ್ಗೆ ಸತ್ತಿದ್ದರು.

"ಅವತ್ತು ಶುರುವಾಯ್ತು, ಅಡುಗೆ ತುಂಬಾ ಚೆನ್ನಾಗಿದೆ ಅನ್ನೋದು."

ಹಾಗಿದ್ದರೆ ಈಗಲೂ ಸಂಘಕ್ಕೆ ಯಾಕೆ ಮಾಡಿಕೊಡುತ್ತೀರಿ ಎಂದು ಕೇಳಿದೆ. ಯಾರಾದರೂ ಬೇರೆ ಏನಾದರೂ ಕೇಳುತ್ತಾರಾ ನೋಡುತ್ತಿದ್ದೇನೆ ಎಂದರು. ಆಮೇಲೆ ಆ ಪುಟದ ಮೇಲೆ ಬೆರಳಿಟ್ಟು ಹೇಳಿದರು:

"ನೋಡು, ಇವರು ನಮ್ಮಮ್ಮನ್ನ ಬದುಕಿಸಿಬಿಟ್ರು. ಇನ್ನು ನಾನು ತಡವಾಗಿ ಹೋಗಿದ್ದು ಯಾರ ತಪ್ಪೂ ಅಲ್ಲ."

ಅವರು ಕೇಳಿದ್ದು ಒಂದೇ: ಕತೆಯ ನಿಜವಾದ ಕೊನೆಯನ್ನು ಒಮ್ಮೆ ಅಚ್ಚು ಮಾಡಲಿ. ಕ್ಷಮೆ ಬೇಡ, ವಿವರಣೆ ಬೇಡ. ಅದೇ ಜನ, ಅದೇ ಪತ್ರಿಕೆ, ಆ ನಾಲ್ಕು ಸಾಲು.

ಸಂಪಾದಕರ ಮನೆ ಜಾರ್ಜ್‌ಟೌನಿನಲ್ಲಿ. ನಿವೃತ್ತ ಸಿವಿಲ್ ಇಂಜಿನಿಯರು. ನಾವು ಕೆನಡಾಕ್ಕೆ ಬಂದ ದಿನ ವಿಮಾನ ನಿಲ್ದಾಣಕ್ಕೆ ಬಂದಿದ್ದವರು ಅವರು, ಅಪ್ಪನಿಗೆ ಹಿಮದಲ್ಲಿ ಕಾರು ಓಡಿಸಲು ಕಲಿಸಿದವರು ಅವರು. ಅವರ ಮೇಲೆ ಸಿಟ್ಟಾಗುವುದು ನಮ್ಮ ಮನೆಯಲ್ಲಿ ದ್ರೋಹಕ್ಕೆ ಸಮ. ಬೇಸ್‌ಮೆಂಟಿನಲ್ಲಿ ಕೂತು ಇಡೀ ಸಂಚಿಕೆಯನ್ನು ತಾವೇ ಟೈಪ್ ಮಾಡುತ್ತಾರೆ, ಬೆನ್ನುನೋವಿಗೆ ದಿಂಬು ಇಟ್ಟುಕೊಂಡು. ನಾನು ಕೇಳಿದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ, ಆಶ್ಚರ್ಯವಾಯಿತು.

"ಒಂದಕ್ಷರ ಕೆಡಿಸಿಲ್ಲಮ್ಮ. ಕೊನೆ ಸ್ವಲ್ಪ ತಿದ್ದಿದೆ. ವರ್ಷದ ಮೊದಲ ದಿನ ಜನ ಮನೆಗೆ ಒಯ್ಯೋ ಪುಸ್ತಕ, ದೇವರ ಮುಂದೆ ಇಡ್ತಾರೆ. ಅದರಲ್ಲಿ ಹೆಣ ಇನ್ನೂ ಎತ್ತಿಲ್ಲ, ಮಗಳು ಸೂತಕದಲ್ಲಿ ನಿಂತುಕೊಂಡು ತಿಂತಾಳೆ. ಸ್ನಾನ ಇಲ್ಲ, ಏನಿಲ್ಲ. ಓದಿದವರು ಅವರನ್ನೇ ಆಡಿಕೊಳ್ಳಲ್ವಾ? ಅವರ ಮರ್ಯಾದೆ ಉಳಿಸಿದೀನಿ ನಾನು."

ಇದನ್ನು ಅವರು ಪೂರ್ತಿ ನಂಬಿದ್ದರು. ಕೆಟ್ಟವರಾಗಿದ್ದರೆ ಜಗಳವಾಡಿ ಬರಬಹುದಿತ್ತು. ನೆಬ್ರಾಸ್ಕಾದ ಟೆಲಿಫೋನ್ ಆಪರೇಟರಿಗೆ ಸೂತಕ ಹಾಕಿ, ಅವಳ ಮಗಳ ಕೈಯಿಂದ ಬಟ್ಟಲು ಕಸಿದು, ನನಗೆ ಕಾಫಿ ಕೊಟ್ಟು ಕಳಿಸಿದರು. ಮುಂದಿನ ಸಂಚಿಕೆಯಲ್ಲಿ ಮೂಲ ಸಾಲುಗಳನ್ನು ಹಾಕೋಣ ಎಂದು ಮಾತು ಕೊಟ್ಟರು.

ಮುಂದಿನ ಸಂಚಿಕೆ ಗಣೇಶನ ಹಬ್ಬದ್ದು. ವಿಘ್ನೇಶ್ವರನ ಹೆಸರಲ್ಲಿ ಬರುವುದರಲ್ಲಿ ಬೇಡ ಎಂದರು. ಅದರ ನಂತರದ್ದು ದೀಪಾವಳಿಗೆ, ಬೆಳಕಿನ ಹಬ್ಬ. ಆಮೇಲೆ ಸಂಕ್ರಾಂತಿ, ಎಳ್ಳು ಬೆಲ್ಲ, ಒಳ್ಳೆಯ ಮಾತು. ಮತ್ತೆ ಯುಗಾದಿ. ಆಗ ನನಗೆ ಹೊಳೆಯಿತು: ನಮ್ಮ ಸಂಘ ಪತ್ರಿಕೆ ತರುವುದು ಹಬ್ಬಕ್ಕೆ ಮಾತ್ರ. ಹಬ್ಬವಲ್ಲದ ದಿನ ನಮ್ಮ ಕನ್ನಡಕ್ಕೆ ಇಲ್ಲಿ ಅಚ್ಚಿಲ್ಲ. ಆದ್ದರಿಂದ ಗ್ರೇಟರ್ ಟೊರೊಂಟೊದ ಕನ್ನಡದಲ್ಲಿ ಯಾರೂ ಸಾಯುವ ಹಾಗಿಲ್ಲ. ನಲವತ್ತು ವರ್ಷದಿಂದ ನಮ್ಮವರು ಇಲ್ಲಿ ಸಾಯುತ್ತಿದ್ದಾರೆ. ಪತ್ರಿಕೆಯಲ್ಲಿ ಎಲ್ಲರೂ ನಗುನಗುತ್ತಾ ಇದ್ದಾರೆ.

ಎರಡೂವರೆ ವರ್ಷ ಹೀಗೇ ಹೋಯಿತು. ಅವರು ಸಂಘಕ್ಕೆ ಅಡುಗೆ ಮಾಡುವುದನ್ನು ನಿಲ್ಲಿಸಿದರು. ವಯಸ್ಸಾಯಿತು ಪಾಪ ಎಂದರು ಎಲ್ಲರೂ. ೨೦೦೫ರ ಬೇಸಿಗೆಯಲ್ಲಿ ಶ್ವಾಸಕೋಶದ ಕಾಯಿಲೆ ಗೊತ್ತಾಯಿತು. ಆಸ್ಪತ್ರೆಗೆ ಹೋದಾಗೆಲ್ಲ "ಬಂತಾ?" ಎಂದು ಕೇಳುತ್ತಿದ್ದರು. ಯಾವುದು ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಆ ವರ್ಷದ ದೀಪಾವಳಿ ಸಂಚಿಕೆಯನ್ನು ಒಯ್ದ ದಿನ ಅವರು ಕೇಳಲಿಲ್ಲ. ಮುಖಪುಟದ ಹಣತೆಯನ್ನು ನೋಡಿ ಕಿಟಕಿಯ ಕಡೆ ತಿರುಗಿದರು.

ಶ್ರದ್ಧಾಂಜಲಿ ಸಭೆಯನ್ನು ಸಂಘವೇ ಏರ್ಪಡಿಸಿತು. ಏಳು ಜನ ಮಾತಾಡಿದರು. ಡೈರಿ ನನ್ನ ಮಡಿಲಲ್ಲಿತ್ತು. ಅಡುಗೆ ಏಳು, ಸೀರೆ ನಾಲ್ಕು. ಒಬ್ಬರು, ಅವರು ಏನೋ ಬರೆಯುತ್ತಿದ್ದರಂತೆ ಎಂದರು. ಅದನ್ನು ಗೀಟಾಗಿ ಎಣಿಸಬೇಕೇ ಎಂದು ಯೋಚಿಸಿ ಬಿಟ್ಟೆ. ಸಂಪಾದಕರು ಕಣ್ಣೀರು ಒರೆಸಿಕೊಂಡು, ಹುಟ್ಟಿದ್ದು ಅಮೆರಿಕದಲ್ಲಿ, ಆದರೆ ಅವರ ಬಿಸಿಬೇಳೆ ಭಾತ್ ಅಪ್ಪಟ ಮೈಸೂರು ಎಂದರು. ಜನ ತಲೆದೂಗಿದರು. ಸಭೆ ಮುಗಿದ ಮೇಲೆ, ಅವರ ನೆನಪಿಗೆಂದು, ಬ್ರ್ಯಾಂಪ್ಟನ್ನಿನ ಕೇಟರಿಂಗಿನವರಿಂದ ಬಿಸಿಬೇಳೆ ಭಾತ್ ತರಿಸಿ ಬಡಿಸಿದರು.

ನಾನು ತಟ್ಟೆ ಮುಟ್ಟದೆ ಕಾರಿನಲ್ಲಿ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಮ್ಮನೂ ಬಂದರು, ಊಟ ಮಾಡಿರಲಿಲ್ಲ. ದಾರಿಯಲ್ಲಿ, ಆ ಕತೆ ಇದೆಯಲ್ಲ, ನೀವಿಬ್ಬರು ಬರೆದದ್ದು, ಕೊಡೇ, ಪೂರ್ತಿ ಓದುತ್ತೇನೆ ಎಂದರು. ಮನೆಗೆ ಬಂದು, ಕೋಟು ಬಿಚ್ಚದೆ, ಅಡುಗೆಮನೆಯಲ್ಲಿ ನಿಂತು ಓದಿದರು.

"ತಿಂದಳಲ್ಲ, ಒಳ್ಳೇದಾಯ್ತು," ಎಂದರು ಆಮೇಲೆ. "ಬಿಸಾಡಿದ್ದರೆ ಆ ತಾಯಿ ಜೀವಕ್ಕೆ ಎಷ್ಟು ನೋವಾಗ್ತಿತ್ತೋ."

ಪುಸ್ತಕದ ಅಂಕಣದಲ್ಲಿ ಎರಡನೇ ಗೀಟು ಹಾಕಿದೆ. ಸ್ಕೋರು ಕೇಳುವವರು ಇರಲಿಲ್ಲ.

ಈ ಬರಹವನ್ನು ಮೂರು ಸಲ ತಿದ್ದಿದ್ದೇನೆ. ಸಿಟ್ಟನ್ನು ತಿದ್ದಿಲ್ಲ. ಸಂಪಾದಕರಿಗೆ ನಾಳೆ ಫೋನ್ ಮಾಡಿ, ನಿಮಗೆ ಬೇಕಾದ ಆ ಒಂದು ಪುಟ ನನ್ನಿಂದ ಆಗುವುದಿಲ್ಲ ಎನ್ನುತ್ತೇನೆ. ಬೇರೆ ಯಾರಿಂದಾದರೂ ಬರೆಸುತ್ತಾರೆ, ಅದರಲ್ಲಿ ಅವರು ನಗುತ್ತಿರುತ್ತಾರೆ.

ಅವರು ಸತ್ತದ್ದು ೨೦೦೫ರ ನವೆಂಬರ್ ಎಂಟು, ಮಂಗಳವಾರ, ಮಧ್ಯಾಹ್ನ. ಅವರ ಕತೆಯ ಕೊನೆ, ಅವರು ಬರೆದ ಹಾಗೆ, ಇದು:

"ಅಮ್ಮ ಸತ್ತಿದ್ದಳು. ಹಣ್ಣು ಕೆಟ್ಟಿರಲಿಲ್ಲ. ನಾನು ನಿಂತುಕೊಂಡೇ ಎಲ್ಲವನ್ನೂ ತಿಂದೆ. ಬಟ್ಟಲು ತೊಳೆದು ಒರೆಸಿ ಇಟ್ಟೆ. ಆಮೇಲೆ ಊರಿನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆ."